ಅಂತರವನ್ನು ಮುಚ್ಚಿಡದ ಮಂಡನೆ

ಕೇಳುಗರಿಗೆ ನಮಸ್ಕಾರ. ಚಿಪ್‌ಗಳಂಥ ಅತಿಸೂಕ್ಷ್ಮ ಸಾಧನಗಳನ್ನು ತಯಾರಿಸುವ ಮೈಕ್ರೋಫ್ಯಾಬ್ರಿಕೇಷನ್ ಪ್ರಯೋಗಾಲಯದಲ್ಲಿ ವಾರಗಟ್ಟಲೆ ದುಡಿದ ವಿದ್ಯಾರ್ಥಿಗೆ ಫಲಿತಾಂಶ ಮಂಡಿಸಲು ಹತ್ತು ನಿಮಿಷ ಸಿಕ್ಕಿತೆನ್ನೋಣ. ಅದರಲ್ಲಿ ಎಂಟು ನಿಮಿಷ ವೇಫರ್ (ಸಿಲಿಕಾನಿನ ತೆಳು ಬಿಲ್ಲೆ) ತೊಳೆದದ್ದು, ಫೋಟೊರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ಲೇಪ) ಲೇಪಿಸಿದ್ದು, ಬೆಳಕಿಗೆ ಒಡ್ಡಿದ್ದು, ಎಚಿಂಗ್ (ಬೇಡದ ಭಾಗವನ್ನು ಕೊರೆದು ತೆಗೆಯುವುದು) ಮಾಡಿದ್ದು ಎಂಬ ವಿವರಗಳಲ್ಲೇ ಕಳೆದುಹೋಗುತ್ತದೆ. ಎದುರು ಕುಳಿತವರೂ ಅದೇ ಪ್ರಯೋಗವನ್ನು ಮಾಡಿದವರೇ. ಅವರು ಕೇಳಲು ಕಾದಿರುವುದು ಏನನ್ನು ಅಳೆಯಲಾಯಿತು, ಲೆಕ್ಕ ಎಷ್ಟು ಹೇಳಿತ್ತು, ಎರಡರ ನಡುವಿನ ಅಂತರ ಎಲ್ಲಿಂದ ಬಂತು ಎಂಬುದನ್ನು.

ಆ ಅಂತರವನ್ನು ತಮ್ಮ ತಪ್ಪೆಂದು ಭಾವಿಸಿ ಮುಚ್ಚಿಡುವವರೇ ಹೆಚ್ಚು. ಕುಲುಮೆಯಲ್ಲಿ ಕಾಯಿಸಿ ಸಿಲಿಕಾನ್ ಮೇಲೆ ಬೆಳೆಸುವ ಆಕ್ಸೈಡ್ ಪದರವನ್ನೇ ನೋಡಿ. ಅದರ ದಪ್ಪವನ್ನು 1965ರಲ್ಲಿ ಡೀಲ್ ಮತ್ತು ಗ್ರೋವ್ ಎಂಬ ಸಂಶೋಧಕರು ಪ್ರಕಟಿಸಿದ ಮಾದರಿಯಿಂದ ಲೆಕ್ಕ ಹಾಕುವುದು ರೂಢಿ. ಆದರೆ ಒಣ ಆಮ್ಲಜನಕದಲ್ಲಿ, ಪದರ ಸುಮಾರು 30 ನ್ಯಾನೋಮೀಟರ್ ದಪ್ಪವಾಗುವ ತನಕ, ಬೆಳವಣಿಗೆ ಆ ಮಾದರಿಯ ಸಮೀಕರಣ ಹೇಳುವುದಕ್ಕಿಂತ ವೇಗವಾಗಿ ನಡೆಯುತ್ತದೆ. ಇದನ್ನು ಸರಿದೂಗಿಸಲು ಮಾದರಿಯ ಕರ್ತೃಗಳೇ ಲೆಕ್ಕದಲ್ಲಿ ಒಂದು ಆರಂಭಿಕ ದಪ್ಪವನ್ನು ಸೇರಿಸಿದ್ದರು. ಆದುದರಿಂದ ತೆಳುವಾದ ಪದರ ನಿರೀಕ್ಷೆಗಿಂತ ದಪ್ಪವಾಗಿ ಬಂದಿದ್ದರೆ ವಿದ್ಯಾರ್ಥಿ ನಾಚಬೇಕಾಗಿಲ್ಲ, ಅಲ್ಲಿಂದಲೇ ಮಾತು ಶುರು ಮಾಡಬಹುದು.

ಹಾಗೆ ಶುರು ಮಾಡುವ ಮೊದಲು ಆ ಹೆಚ್ಚಳ ನಿಜವೇ ಎಂಬುದು ಖಚಿತವಾಗಬೇಕು. ತೆಳು ಪದರದ ದಪ್ಪವನ್ನು ಬೆಳಕಿನಿಂದ ಅಳೆಯುವ ಎಲಿಪ್ಸೋಮೀಟರಿನಿಂದ ಒಂದೇ ಕಡೆ ಅಳೆದು 27.384 ನ್ಯಾನೋಮೀಟರ್ ಎಂದು ತೋರಿಸುವುದಕ್ಕಿಂತ, ವೇಫರಿನ ನಡುವೆ ಒಂದು ಬಿಂದುವಿನಲ್ಲಿ, ಅಂಚಿನ ಬಳಿ ನಾಲ್ಕು ಬಿಂದುಗಳಲ್ಲಿ ಅಳೆದು, ಸರಾಸರಿ 27 ನ್ಯಾನೋಮೀಟರ್, ಏರಿಳಿತ 1 ನ್ಯಾನೋಮೀಟರ್ ಎಂದು ಹೇಳುವುದು ಹೆಚ್ಚು ಪ್ರಾಮಾಣಿಕ. ಉಪಕರಣದ ಪರದೆ ಮೂರು ದಶಮಾಂಶ ತೋರಿಸಿತೆಂದ ಮಾತ್ರಕ್ಕೆ ಅಷ್ಟನ್ನೂ ನಂಬಬೇಕೆಂದಿಲ್ಲ. ಲೆಕ್ಕಕ್ಕೂ ಅಳತೆಗೂ ಇರುವ ಅಂತರ ಆ ಏರಿಳಿತದೊಳಗೇ ಅಡಗಿದರೆ, ಕಾರಣ ಹುಡುಕುವ ಶ್ರಮವೇ ಬೇಡ.

ಚಿತ್ರಗಳ ವಿಷಯ ಬೇಗ ಮುಗಿಯುತ್ತದೆ. ಸೂಕ್ಷ್ಮದರ್ಶಕದ ಚಿತ್ರದ ಕೆಳಗೆ ಐದು ಸಾವಿರ ಪಟ್ಟು ಎಂದು ಬರೆದರೆ, ಪರದೆಯ ಗಾತ್ರ ಬದಲಾದೊಡನೆ ಆ ಮಾತು ಸುಳ್ಳಾಗುತ್ತದೆ. ಚಿತ್ರದೊಳಗೇ ಅಳತೆಪಟ್ಟಿ ಇರಲಿ. ವಿದ್ಯುತ್ತನ್ನು ಮುಖ್ಯವಾಗಿ ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡಿನ ಪ್ರವಾಹವನ್ನು ಸಾಮಾನ್ಯ ಅಕ್ಷದಲ್ಲಿ ಮಾತ್ರ ತೋರಿಸಿದರೆ, ಹಿಮ್ಮುಖವಾಗಿ ನುಸುಳುವ ಅಲ್ಪ ಸೋರಿಕೆ ಪ್ರವಾಹ ಸೊನ್ನೆಯಂತೆ ಕಾಣುತ್ತದೆ. ಹೆಜ್ಜೆಗೆ ಹತ್ತು ಪಟ್ಟು ಏರುವ ಲಾಗರಿದಮ್ ಅಕ್ಷದಲ್ಲಾದರೆ ಅದು ಎದ್ದು ಕಾಣುತ್ತದೆ. ಕೋಣೆಯ ಉಷ್ಣತೆಯಲ್ಲಿ ಪ್ರವಾಹ ಹತ್ತು ಪಟ್ಟು ಏರಲು ಆದರ್ಶ ಡಯೋಡಿಗೆ ಬೇಕಾದ ಸುಮಾರು 60 ಮಿಲಿವೋಲ್ಟಿಗೆ ತಮ್ಮ ಡಯೋಡ್ ಎಷ್ಟು ಹತ್ತಿರವಿದೆ ಎಂಬುದೂ ತಿಳಿಯುತ್ತದೆ.

ಇನ್ನು ತಯಾರಿಕೆಯ ಹಂತಗಳಿಗೆ ಒಂದೇ ಸ್ಲೈಡ್ ಸಾಕು, ಅದರಲ್ಲೂ ನಿಗದಿತ ಕ್ರಮದಿಂದ ತಪ್ಪಿದ ಜಾಗಗಳು ಮಾತ್ರ: ಕುಲುಮೆಯಲ್ಲಿ ವೇಫರ್ ಐದು ನಿಮಿಷ ಹೆಚ್ಚು ಉಳಿದದ್ದು, ಎಚಿಂಗ್ ದ್ರಾವಣ ಹಳೆಯದಾಗಿದ್ದದ್ದು. ಕೇಳುವವರ ಮೊದಲ ಪ್ರಶ್ನೆ ಬರುವುದು ಅಲ್ಲಿಂದಲೇ.