ಕಾಗೆಗೆ ಗುರು ಬೇಕು, ಕೋಗಿಲೆಗೆ ಬೇಡ

ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಲಾಲ್‌ಬಾಗ್‌ಗೆ ವಾಕಿಂಗ್ ಹೋಗುವವರಿಗೆ ಕೋಗಿಲೆ ಕೂಗು ಹೊಸದಲ್ಲ. ಅದು ಬೆಳೆದದ್ದು ಕಾಗೆ ಗೂಡಿನಲ್ಲಿ. ಮರಿಯಾಗಿದ್ದಾಗ ಕಿವಿಗೆ ಬಿದ್ದದ್ದು ಬರೀ ಕಾ ಕಾ. ಆದರೂ ದೊಡ್ಡದಾದ ಮೇಲೆ ಕುಹೂ ಅನ್ನುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದು. ನಾವು ಗದರಿ ಓಡಿಸುವ ಕಾಗೆ ಮಾತ್ರ ವಿಜ್ಞಾನದ ಲೆಕ್ಕದಲ್ಲಿ ಹಾಡುಹಕ್ಕಿಗಳ ಗುಂಪಿನದು. ಕೇಳಿ ಕಲಿಯುವ ಮಿದುಳು ಇರುವುದು ಅದಕ್ಕೆ. ನಮ್ಮ ಕವಿಗಳಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು!

ಕೇಳಿ ಕಲಿಯುವ ಹಕ್ಕಿಗಳಲ್ಲಿ ಮುಖ್ಯವಾಗಿ ಮೂರು ಗುಂಪು: ಹಾಡುಹಕ್ಕಿ, ಗಿಳಿ, ಹಮ್ಮಿಂಗ್‌ಬರ್ಡ್. ಕೋಳಿ, ಪಾರಿವಾಳಗಳಿಗೆ ಈ ವಿದ್ಯೆ ಇಲ್ಲ.

ವ್ಯತ್ಯಾಸ ಬರೀ ಜೀನ್ ಇದೆಯೋ ಇಲ್ಲವೋ ಅನ್ನುವುದಲ್ಲ. ಚಕ್ಕುಲಿ ಒರಳು ವರ್ಷವಿಡೀ ಅಟ್ಟದ ಮೇಲೇ ಇರುತ್ತದೆ, ಗೋಕುಲಾಷ್ಟಮಿಗೆ ಕೆಳಗಿಳಿಯುತ್ತದೆ. ಜೀನ್ ಕೂಡ ಹಾಗೇ. ಮಿದುಳಿನ ಯಾವ ಮೂಲೆಯಲ್ಲಿ, ಯಾವಾಗ, ಎಷ್ಟು ಕೆಲಸಕ್ಕೆ ಇಳಿಯಿತು ಎಂಬುದೇ ಮುಖ್ಯ.

ಜೆಂಕ್ ಎಂಬ ಜೀನ್ ನೋಡಿ. ನರಕೋಶ ಚುರುಕಾದ ಅರ್ಧ ಗಂಟೆಯೊಳಗೆ ಅದರ ಗುರುತು ಸಿಗುತ್ತದೆ. ಹಕ್ಕಿ ತನ್ನ ಜಾತಿಯ ಹಾಡು ಕೇಳಿದರೆ ಮಿದುಳಿನ ಒಂದು ಕಡೆ, ತಾನೇ ಹಾಡಿದರೆ ಇನ್ನೊಂದು ಕಡೆ. ಇದೇ ಗುರುತು ಹಿಡಿದು 2000ದಲ್ಲಿ ಅಮೆರಿಕದ ನರವಿಜ್ಞಾನಿ ಎರಿಕ್ ಜಾರ್ವಿಸ್ ಅವರ ತಂಡ ಬ್ರೆಜಿಲ್‌ನ ಹಮ್ಮಿಂಗ್‌ಬರ್ಡ್‌ಗಳ ಮಿದುಳಿನಲ್ಲಿ ಹಾಡಿನ ಏಳು ತಾಣಗಳನ್ನು ಕಂಡುಕೊಂಡಿತು.

ನನಗೆ ಜಾಸ್ತಿ ಇಷ್ಟವಾದದ್ದು 1998ರ ಅವರ ಇನ್ನೊಂದು ಕೆಲಸ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಪುಟ್ಟ ಹಕ್ಕಿ, ನಮ್ಮೂರಿನ ಹಕ್ಕಿ ಅಂಗಡಿಗಳಲ್ಲೂ ಕಾಣುತ್ತೀರಿ. ಹಾಡುವುದು ಗಂಡು ಮಾತ್ರ. ಅದು ಒಂಟಿಯಾಗಿ ಹಾಡಿದಾಗ ಮಿದುಳಿನಲ್ಲಿ ಹಾಡು ಕಲಿಯಲು ಬೇಕಾದ ಏರಿಯಾ ಎಕ್ಸ್ ಎಂಬ ಭಾಗದಲ್ಲಿ ಜೆಂಕ್ ಜೋರಾಗಿ ಏರುತ್ತದೆ. ಹೆಣ್ಣಿನ ಎದುರು ಅದೇ ಹಾಡು ಹಾಡಿದರೆ ತೀರಾ ಕಡಿಮೆ. ನಮ್ಮ ಕಿವಿಗೆ ಎರಡೂ ಒಂದೇ! ಚಾಮರಾಜಪೇಟೆಯ ರಾಮನವಮಿ ಕಚೇರಿಗೂ ಬೆಳಗಿನ ಜಾವದ ಸಾಧನೆಗೂ ಇರುವ ವ್ಯತ್ಯಾಸ ಹಾಡುವವರಿಗೆ ಗೊತ್ತಿರುತ್ತದೆ, ಅಲ್ವಾ?

ಇನ್ನು ಮನುಷ್ಯರ ವಿಷಯ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಡುಹಕ್ಕಿಯ ಹಾಡಿನ ತಾಣದಲ್ಲೂ ನಮ್ಮ ಗಂಟಲು ಆಡಿಸುವ ಮಿದುಳಿನ ಭಾಗದಲ್ಲೂ 50ಕ್ಕೂ ಹೆಚ್ಚು ಜೀನ್‌ಗಳು ಒಂದೇ ರೀತಿ ಏರಿಳಿದಿದ್ದವು. ನಮಗೂ ಹಕ್ಕಿಗೂ ಸಮಾನ ಪೂರ್ವಜ ಇದ್ದದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. ಅಂದರೆ ಇದು ಪಿತ್ರಾರ್ಜಿತ ಆಸ್ತಿಯಲ್ಲ, ಅವರವರೇ ಸಂಪಾದಿಸಿದ್ದು. ಉದಾಹರಣೆಗೆ ನರದ ಎಳೆಗಳಿಗೆ ದಾರಿ ತೋರಿಸುವ ಸ್ಲಿಟ್1 ಜೀನ್ ಇಬ್ಬರಲ್ಲೂ ಅಲ್ಲಿ ತಗ್ಗಿರುತ್ತದೆ. ಹಾಗಾಗಿಯೇ ಎಳೆಗಳು ಧ್ವನಿಯ ನರಗಳಿಗೆ ನೇರವಾಗಿ ತಲುಪುತ್ತವೆ ಎಂಬುದು ಊಹೆ. ಕೋಳಿಯಲ್ಲಿ ಆ ನೇರ ಸಂಪರ್ಕ ಇಲ್ಲ.

ಕೊನೆಗೆ ಫಾಕ್ಸ್‌ಪಿ2. ಇಂಗ್ಲೆಂಡಿನ ಒಂದು ಕುಟುಂಬದಲ್ಲಿ ಮೂರು ತಲೆಮಾರಿನವರಿಗೆ ಮಾತು ಸರಿಯಾಗಿ ಹೊರಳುತ್ತಿರಲಿಲ್ಲ. ಈ ಜೀನ್‌ನಲ್ಲಿ ದೋಷವಿದೆ ಎಂದು 2001ರಲ್ಲಿ ಗೊತ್ತಾಯಿತು. 2007ರಲ್ಲಿ ಬರ್ಲಿನ್ ವಿಜ್ಞಾನಿಗಳು ಫಿಂಚ್ ಮರಿಗಳ ಏರಿಯಾ ಎಕ್ಸ್‌ನಲ್ಲಿ ಅದನ್ನು ಕುಗ್ಗಿಸಿದರು. ಮರಿ ಹಾಡು ಕಲಿಯಿತು, ಆದರೆ ಅರೆಬರೆ. ಕೆಲವು ಸ್ವರ ಬಿಟ್ಟಿತು, ಕೆಲವನ್ನು ತಿರುಚಿತು.

ಈಗ ಎರಡು ಧ್ವನಿಮುದ್ರಣ ಕೇಳಿಸುತ್ತೇನೆ. ಮೊದಲನೆಯದು ಗುರುವಿನದು, ಎರಡನೆಯದು ಅಂಥ ಮರಿಯದು. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ. ಎಲ್ಲಿ ತಪ್ಪಿತು ಅಂತ ನೀವೇ ಹೇಳಿ.