ಕುಂಡಲಿನಿ ಯೋಗ ಶುರು ಮಾಡಿದ ಹೊಸದರಲ್ಲಿ ತಲೆ ಸುತ್ತುತ್ತಿದೆಯಾ? ಮೊದಲು ನಿಲ್ಲಿಸಿ, ಆಮೇಲೆ ಇದನ್ನು ನೋಡಿ

[ತೆರೆಯ ಮೇಲೆ: ಚಾಪೆಯ ಮೇಲೆ ಕೂತ ಒಬ್ಬರು ಕಣ್ಣು ಮುಚ್ಚಿ ವೇಗವಾಗಿ ಉಸಿರಾಡುತ್ತಿದ್ದಾರೆ. ಮೈ ಒಂದು ಕಡೆ ವಾಲುತ್ತದೆ. ಕೈಯನ್ನು ನೆಲಕ್ಕೆ ಊರುತ್ತಾರೆ.]

ನಮಸ್ಕಾರ. ಕುಂಡಲಿನಿ ಯೋಗಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಹೇಳುವ ಮಾತಿದು: "ಉಸಿರಾಟ ಶುರು ಮಾಡಿ ಒಂದು ನಿಮಿಷ ಕೂಡ ಆಗಿರಲಿಲ್ಲ, ತಲೆ ಸುತ್ತು ಬಂತು. ಬೆರಳೆಲ್ಲ ಜುಮ್ ಅಂತು." ಪಕ್ಕದ ಚಾಪೆಯಿಂದ ಕೂಡಲೇ ಸಲಹೆ ಬರುತ್ತದೆ: "ಹೆದರಬೇಡಿ, ಶಕ್ತಿ ಮೇಲೇಳ್ತಾ ಇದೆ. ನಿಲ್ಲಿಸಬೇಡಿ."

ಹೆದರಬೇಡಿ ಅನ್ನುವುದು ಸರಿ. ನಿಲ್ಲಿಸಬೇಡಿ ಅನ್ನುವುದು ತಪ್ಪು. ಹೊಸಬರಿಗೆ ಬರುವ ತಲೆ ಸುತ್ತಿಗೆ ಬಹುತೇಕ ಸಲ ಮೈಯೊಳಗೇ ಒಂದು ಸರಳ ಕಾರಣ ಇರುತ್ತದೆ. ಅದು ಗೊತ್ತಾದರೆ ಸರಿಪಡಿಸುವುದೂ ಸುಲಭ. ಕೆಲವು ಸಲ ಮಾತ್ರ ಅದು ಬೇರೆ ಕಾಯಿಲೆಯ ಸೂಚನೆ. ಎರಡನ್ನೂ ಬೇರೆ ಬೇರೆ ಗುರುತಿಸುವುದನ್ನು ಇವತ್ತು ನೋಡೋಣ.

[ತೆರೆಯ ಮೇಲೆ: "ಉಸಿರು ಜಾಸ್ತಿ ಆದಾಗ ಏನಾಗುತ್ತದೆ?"]

ಇವತ್ತು ಕ್ಲಾಸುಗಳಲ್ಲಿ ಕುಂಡಲಿನಿ ಯೋಗ ಅಂತ ಹೇಳಿಕೊಡುವುದರಲ್ಲಿ ದೊಡ್ಡ ಪಾಲು ಯೋಗಿ ಭಜನ್ ಅವರು 1969ರಿಂದ ಅಮೆರಿಕದಲ್ಲಿ ಹರಡಿದ ಪದ್ಧತಿ. ಅದರಲ್ಲಿ 'ಬ್ರೆತ್ ಆಫ್ ಫೈರ್' ಅನ್ನುವ ಉಸಿರಾಟ ಮತ್ತೆ ಮತ್ತೆ ಬರುತ್ತದೆ. ಮೂಗಿನಿಂದಲೇ ಒಳಗೆ, ಮೂಗಿನಿಂದಲೇ ಹೊರಗೆ, ಸೆಕೆಂಡಿಗೆ ಎರಡು ಮೂರು ಸಲ. ನಮ್ಮ ಕಪಾಲಭಾತಿ ಮಾಡಿದವರಿಗೆ ಇದು ಪರಿಚಿತ ಅನ್ನಿಸಬಹುದು. ಆದರೆ ಕಪಾಲಭಾತಿಯಲ್ಲಿ ಉಸಿರು ಬಿಡುವುದಕ್ಕೆ ಮಾತ್ರ ಬಲ ಹಾಕುತ್ತೇವೆ, ಒಳಗೆ ಬರುವುದು ತಾನಾಗಿ ಬರುತ್ತದೆ. ಬ್ರೆತ್ ಆಫ್ ಫೈರ್‌ನಲ್ಲಿ ಎರಡಕ್ಕೂ ಸಮ ಬಲ. ಆ ಲೆಕ್ಕದಲ್ಲಿ ಅದು ತಿದಿಯ ಹಾಗೆ ಉಸಿರಾಡುವ ಭಸ್ತ್ರಿಕಾ ಪ್ರಾಣಾಯಾಮಕ್ಕೆ ಹತ್ತಿರ.

ಹೀಗೆ ಉಸಿರಾಡಿದರೆ ಆಮ್ಲಜನಕ ಜಾಸ್ತಿಯಾಗಿ ತಲೆ ಸುತ್ತುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕೋವಿಡ್ ಸಮಯದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ನೋಡಿದ್ದು ನೆನಪಿದೆಯಲ್ವಾ? ಆರೋಗ್ಯವಂತರಿಗೆ ಸುಮ್ನೆ ಕೂತಿದ್ದಾಗಲೇ 95ರಿಂದ 100 ತೋರಿಸುತ್ತದೆ. ಅಂದರೆ ರಕ್ತದಲ್ಲಿ ಆಮ್ಲಜನಕ ಮೊದಲೇ ತುಂಬಿದೆ. ಎಷ್ಟೇ ಜೋರಾಗಿ ಎಳೆದುಕೊಂಡರೂ ಸೇರಿಸುವುದಕ್ಕೆ ಹೆಚ್ಚು ಜಾಗವಿಲ್ಲ.

ನಿಜವಾಗಿ ಬದಲಾಗುವುದು ಇಂಗಾಲದ ಡೈಆಕ್ಸೈಡ್. ಅದು ಬರೀ ಕಸ ಅಂತ ಶಾಲೆಯಲ್ಲಿ ಕಲಿತ ನೆನಪು. ಹಾಗಲ್ಲ. ಮೆದುಳಿಗೆ ಎಷ್ಟು ರಕ್ತ ಹೋಗಬೇಕು ಅನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದೇ ಅದು. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಆಡಿದಾಗ ಅದು ಸರ್ರನೆ ಕೆಳಗೆ ಬೀಳುತ್ತದೆ. ಬಿದ್ದ ಕೂಡಲೇ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ತಲೆ ಹಗುರಾಗುವುದು, ತೇಲಿದ ಹಾಗೆ ಅನ್ನಿಸುವುದು, ಕಣ್ಣು ಮಂಜಾಗುವುದು ಎಲ್ಲ ಇದರಿಂದಲೇ.

ಅದೇ ಹೊತ್ತಿಗೆ ರಕ್ತದ ಕ್ಷಾರ ಗುಣ ಏರುತ್ತದೆ. ನರಗಳಿಗೆ ಸಿಗುವ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಬೆರಳ ತುದಿಯಲ್ಲಿ, ತುಟಿಯ ಸುತ್ತ ಜುಮ್ಮೆನ್ನುವುದು ಅದಕ್ಕೇ. ಇನ್ನೂ ಮುಂದುವರಿಸಿದರೆ ಕೈಬೆರಳು ಸೆಟೆದುಕೊಂಡು ಮಡಚಿಕೊಳ್ಳುತ್ತವೆ. ನೋಡಿದವರು ಗಾಬರಿಯಾಗುತ್ತಾರೆ, ಕೆಲವರು ಕೈ ಮುಗಿಯುತ್ತಾರೆ. ಉಸಿರು ಮಾಮೂಲಿಗೆ ಬಂದರೆ ಕೆಲವು ನಿಮಿಷಗಳಲ್ಲಿ ಬೆರಳು ತಾನಾಗಿ ಬಿಡಿಸಿಕೊಳ್ಳುತ್ತವೆ.

ಸಾಧನೆಯ ಅನುಭವಗಳ ಬಗ್ಗೆ ನನಗೆ ಗೌರವವಿದೆ. ಆದರೆ ಮೊದಲ ವಾರದ ಜುಮ್ಮನ್ನು ಜಾಗೃತಿ ಅಂತ ಕರೆದು ಒಬ್ಬರನ್ನು ಎಚ್ಚರ ತಪ್ಪುವ ತನಕ ಕೂರಿಸುವುದು ಅವರ ಮೈಗೂ ಅನ್ಯಾಯ, ಆ ಪರಂಪರೆಗೂ ಅನ್ಯಾಯ. ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯದಲ್ಲೇ ಈ ಎಚ್ಚರಿಕೆ ಇದೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅನ್ನುತ್ತದೆ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ, ಕಿವಿ, ಕಣ್ಣಿನ ನೋವು ಬರುತ್ತದೆ ಅಂತ ಪಟ್ಟಿಯನ್ನೂ ಕೊಡುತ್ತದೆ.

[ದೃಶ್ಯ: ನಿರೂಪಕಿ ಚಾಪೆಯ ಮೇಲೆ. ಕ್ಯಾಮೆರಾ ಹತ್ತಿರದಿಂದ.]

ಸರಿ, ಈಗ ತಲೆ ಸುತ್ತು ಬಂದೇ ಬಿಟ್ಟಿದೆ ಅಂದುಕೊಳ್ಳಿ. ನನ್ನ ಜೊತೆ ಮಾಡಿ ನೋಡಿ.

ಎಣಿಕೆ ನಿಲ್ಲಿಸಿ. ಕ್ಲಾಸಿನವರೆಲ್ಲ ಮುಂದುವರಿಸುತ್ತಿದ್ದರೂ ಪರವಾಗಿಲ್ಲ. ಕಣ್ಣು ತೆರೆಯಿರಿ. ಕಣ್ಣು ಮುಚ್ಚಿದ್ದಾಗ ಮೈ ಎತ್ತ ವಾಲುತ್ತಿದೆ ಅನ್ನುವ ಸುಳಿವೇ ಮೆದುಳಿಗೆ ಕಡಿಮೆ. ಕೈ ಮೇಲೆತ್ತಿದ್ದರೆ ಇಳಿಸಿ. ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ. ಎದುರಿನ ಗೋಡೆಯಲ್ಲಿ ಒಂದು ಸ್ವಿಚ್ಚೋ ಮೊಳೆಯೋ ಕಂಡರೆ ಅದನ್ನೇ ನೋಡುತ್ತಿರಿ.

ಈಗ ಎಲ್ಲರೂ ತಪ್ಪುವ ಜಾಗ. ಇಂಥ ಹೊತ್ತಲ್ಲಿ "ಚೆನ್ನಾಗಿ ಉಸಿರು ಎಳೆದುಕೊಳ್ಳಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬೇಡ. ಉಸಿರು ಜಾಸ್ತಿ ಆಗಿದ್ದರಿಂದ ಬಂದ ತೊಂದರೆಗೆ ಇನ್ನಷ್ಟು ಉಸಿರು ಮದ್ದಲ್ಲ. ಬಾಯಿ ಮುಚ್ಚಿ, ಮೂಗಿನಿಂದ ಚಿಕ್ಕದಾಗಿ, ಸದ್ದಿಲ್ಲದೆ ಉಸಿರಾಡಿ. ಮನಸ್ಸಲ್ಲೇ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊಟ್ಟೆ ತುಂಬ ಗಾಳಿ ತುಂಬಿಕೊಳ್ಳಬೇಡಿ. ಒಂದೆರಡು ನಿಮಿಷದಲ್ಲಿ ತಲೆ ತಿಳಿಯಾಗಲು ಶುರುವಾಗುತ್ತದೆ.

[ನಿರೂಪಕಿ ಇಪ್ಪತ್ತು ಸೆಕೆಂಡ್ ಹಾಗೇ ಉಸಿರಾಡಿ ತೋರಿಸುತ್ತಾರೆ. ಮಾತಿಲ್ಲ.]

ಪ್ಲಾಸ್ಟಿಕ್ ಕವರ್, ಪೇಪರ್ ಕವರ್ ಬಾಯಿಗೆ ಹಿಡಿಯುವ ಹಳೇ ಉಪಾಯ ಮಾಡಬೇಡಿ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ ಅದು ಅಪಾಯ.

ಇನ್ನೂ ಕಣ್ಣು ಕತ್ತಲೆ ಬರುತ್ತಿದೆಯಾ? ಮಲಗಿ, ಕಾಲನ್ನು ಕುರ್ಚಿಯ ಮೇಲೋ ದಿಂಬಿನ ಮೇಲೋ ಇಡಿ. ಗರ್ಭಿಣಿಯರು ಎಡ ಮಗ್ಗುಲಿಗೆ ಮಲಗಿ. ಎದ್ದೇಳುವಾಗ ಮೊದಲು ಒಂದು ಮಗ್ಗುಲಿಗೆ ತಿರುಗಿ, ಕೈ ಊರಿ ಕೂತು, ಒಂದು ನಿಮಿಷ ಬಿಟ್ಟು ಆಮೇಲೆ ನಿಲ್ಲಿ. ಆ ದಿನಕ್ಕೆ ವೇಗದ ಉಸಿರಾಟ ಅಲ್ಲಿಗೇ ಸಾಕು.

[ತೆರೆಯ ಮೇಲೆ: "ಎದ್ದಾಗ ಮಾತ್ರ ಬರುತ್ತದಾ?"]

ಉಸಿರಾಟದಲ್ಲಿ ಏನೂ ಆಗದೆ, ಶವಾಸನ ಮುಗಿಸಿ ಎದ್ದಾಗ ಮಾತ್ರ ಕಣ್ಣು ಕತ್ತಲೆ ಬಂದರೆ ಅದು ರಕ್ತದೊತ್ತಡದ ವಿಷಯ. ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟು ರಕ್ತ ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಮೈ ಅದನ್ನು ಬೇಗ ಸರಿದೂಗಿಸಿಕೊಳ್ಳಬೇಕು. ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಡಾಕ್ಟರು ಅದನ್ನು ತೊಂದರೆ ಅಂತಲೇ ಪರಿಗಣಿಸುತ್ತಾರೆ. ನೀರು ಕಡಿಮೆ ಕುಡಿದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ, ವಯಸ್ಸಾದವರಿಗೆ ಇದು ಜಾಸ್ತಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಹೆಂಗಸರಿಗೆ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಜೊತೆಗೆ ಯೋಗದಲ್ಲಿ ತಲೆ ಸುತ್ತು ಅಂದರೆ ಆಸನ ಬದಲಾಯಿಸುತ್ತಾ ಕೂರಬೇಡಿ. ಹಿಮೋಗ್ಲೋಬಿನ್ ನೋಡಿಸಿ. ಚಿಕ್ಕ ಪರೀಕ್ಷೆ. ಎಷ್ಟೋ ಮನೆಗಳಲ್ಲಿ ಎಲ್ಲರ ರಿಪೋರ್ಟ್ ಇರುತ್ತದೆ, ಅಮ್ಮನದ್ದು ಮಾತ್ರ ಇರುವುದಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ಅಭ್ಯಾಸದ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ತಣ್ಣನೆ ಬೆವರು, ಕೈ ನಡುಕ, ವಿಪರೀತ ಹಸಿವು ಜೊತೆಗಿದ್ದರೆ ಅದು ಸಕ್ಕರೆ ಇಳಿದ ಲಕ್ಷಣ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಉಳಿದವರು ತೀರಾ ಖಾಲಿ ಹೊಟ್ಟೆಯಲ್ಲಿ ಮಾಡಲು ಆಗದಿದ್ದರೆ ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು ತಿನ್ನಬಹುದು. ಊಟ ಮಾಡಿದ್ದರೆ ಎರಡೂವರೆ ಮೂರು ಗಂಟೆ ಬಿಡಿ.

ಇನ್ನೊಂದು ಥರ ಇದೆ. ತಲೆ ಹಗುರಾಗುವುದಿಲ್ಲ, ಇಡೀ ಕೋಣೆಯೇ ಗಿರಗಿರ ತಿರುಗುತ್ತದೆ. ಕತ್ತು ತಿರುಗಿಸುವ ವ್ಯಾಯಾಮದಲ್ಲಿ, ಹಿಂದಕ್ಕೆ ಬಾಗಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಒಳಗಿವಿಯ ಸಣ್ಣ ಹರಳುಗಳು ತಮ್ಮ ಜಾಗ ಬಿಟ್ಟು ಕದಲಿದಾಗ ಹೀಗಾಗುತ್ತದೆ. ಉಸಿರಿಗೂ ಇದಕ್ಕೂ ಸಂಬಂಧವಿಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಇದನ್ನು ಸರಿ ಮಾಡುತ್ತಾರೆ. ಅಲ್ಲಿಯ ತನಕ ಕತ್ತಿನ ವ್ಯಾಯಾಮ ಬಿಡಿ.

[ತೆರೆಯ ಮೇಲೆ: "ಮತ್ತೆ ಶುರು ಮಾಡುವುದು ಹೇಗೆ?"]

ನನ್ನ ಪ್ರಕಾರ ಮೊದಲ ವಾರ ಬ್ರೆತ್ ಆಫ್ ಫೈರ್ ಬೇಡವೇ ಬೇಡ. ನಿಧಾನದ ಉಸಿರಾಟ ಸಾಕು, ನಿಮಿಷಕ್ಕೆ ಆರರ ಆಸುಪಾಸು, ಐದು ನಿಮಿಷ. ಅದು ಸಲೀಸಾದ ಮೇಲೆ ವೇಗದ್ದು.

[ದೃಶ್ಯ: ಪಕ್ಕದಿಂದ ಶಾಟ್. ನಿರೂಪಕಿಯ ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆಯ ಮೇಲೆ.]

ಕೈ ನೋಡಿ. ಉಸಿರು ಬಿಟ್ಟಾಗ ಹೊಕ್ಕುಳ ಮೇಲಿನ ಕೈ ಒಳಗೆ ಹೋಗಬೇಕು, ತೆಗೆದುಕೊಂಡಾಗ ಹೊರಗೆ ಬರಬೇಕು. ಎದೆಯ ಮೇಲಿನ ಕೈ ಹೆಚ್ಚು ಕಡಿಮೆ ಸುಮ್ಮನಿರಬೇಕು. ಹೊಸಬರಲ್ಲಿ ಉಲ್ಟಾ ಆಗುತ್ತದೆ. ಉಸಿರು ಎಳೆಯುವಾಗ ಹೊಟ್ಟೆ ಒಳಗೆ, ಭುಜ ಮೇಲೆ. ಹೀಗೆ. [ತೋರಿಸುತ್ತಾರೆ.] ಇದರಲ್ಲಿ ಸುಸ್ತೂ ಜಾಸ್ತಿ, ಗಾಬರಿಯೂ ಜಾಸ್ತಿ.

ಇನ್ನೊಂದು ತಪ್ಪು, ಆಳವಾಗಿಯೂ ವೇಗವಾಗಿಯೂ ಉಸಿರಾಡುವುದು. ಎರಡೂ ಸೇರಿದರೆ ಇಂಗಾಲದ ಡೈಆಕ್ಸೈಡ್ ಬೇಗ ಖಾಲಿ. ವೇಗ ಬೇಕಾದರೆ ಉಸಿರು ಚಿಕ್ಕದಿರಲಿ. ಮೂಗಿನ ತುದಿಯಲ್ಲಿ ಮೂಸಿದಷ್ಟೇ ಗಾಳಿ. ಪಕ್ಕದ ಕೋಣೆಗೆ ಕೇಳಿಸುವಷ್ಟು ಬುಸುಗುಟ್ಟಬೇಕಿಲ್ಲ. ಸೆಕೆಂಡಿಗೆ ಒಂದರಂತೆ ಶುರು ಮಾಡಿ. 15–20 ಸೆಕೆಂಡ್ ಮಾಡಿ, ಒಂದು ನಿಮಿಷ ಸುಮ್ನೆ ಕೂರಿ. ಹೀಗೆ ಮೂರು ಸುತ್ತು. ತಲೆ ತಿಳಿಯಾಗಿದ್ದರೆ ಮುಂದಿನ ವಾರ ಹತ್ತು ಸೆಕೆಂಡ್ ಸೇರಿಸಿ. ಪುಸ್ತಕದಲ್ಲಿ ಮೂರು ನಿಮಿಷ ಅಂತ ಬರೆದಿದ್ದರೆ ಅದು ತಲುಪಬೇಕಾದ ಜಾಗ, ಮೊದಲ ದಿನದ ಲೆಕ್ಕವಲ್ಲ.

ವೇಗದ ಉಸಿರಾಟದ ಕೊನೆಗೆ ಉಸಿರು ಹಿಡಿದು ಮೂಲಬಂಧ, ಅಂದರೆ ಗುದದ್ವಾರದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿಯುವುದು, ಹಾಕಿಸುತ್ತಾರೆ. ಇಲ್ಲಿ ಜಾಗ್ರತೆ. ಉಸಿರಾಡಲೇಬೇಕು ಅನ್ನುವ ತುಡಿತ ಹುಟ್ಟಿಸುವುದು ಇಂಗಾಲದ ಡೈಆಕ್ಸೈಡ್. ಅದನ್ನು ಈಗಷ್ಟೇ ಹೊರಹಾಕಿದ್ದೀರಿ. ಹಾಗಾಗಿ ಆಮ್ಲಜನಕ ಇಳಿಯುತ್ತಿದ್ದರೂ ಉಸಿರು ಬೇಕು ಅನ್ನಿಸುವುದಿಲ್ಲ, ಆರಾಮ ಅನ್ನಿಸುತ್ತದೆ. ಹೊಸಬರು ಐದಾರು ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬೇಡಿ, ಬಿಗಿಯಾಗಿ ತಿಣುಕಬೇಡಿ. ಈಜುಕೊಳದಲ್ಲಿ, ಕೆರೆಯಲ್ಲಿ, ಬಾತ್‌ಟಬ್‌ನಲ್ಲಿ ಈ ಅಭ್ಯಾಸ ಎಂದೂ ಮಾಡಬೇಡಿ. ನೀರಿನಲ್ಲಿ ಎಚ್ಚರ ತಪ್ಪಿ ಜನ ಸತ್ತಿದ್ದಾರೆ. ಈಜು ಬಲ್ಲವರೂ ಸತ್ತಿದ್ದಾರೆ.

ಗರ್ಭಿಣಿಯರು, ಹತೋಟಿಯಲ್ಲಿಲ್ಲದ ಬಿಪಿ, ಹೃದಯದ ಕಾಯಿಲೆ, ಮೂರ್ಛೆ ರೋಗ, ಗ್ಲಾಕೋಮಾ, ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ವೇಗದ ಉಸಿರಾಟಕ್ಕೆ ಹೋಗಬೇಡಿ. ಪ್ಯಾನಿಕ್ ಅಟ್ಯಾಕ್ ಬರುವವರಿಗೆ ಈ ಉಸಿರಾಟವೇ ಅಟ್ಯಾಕ್ ತರಿಸಬಹುದು. ಬೈಪೋಲಾರ್ ಅಥವಾ ಸೈಕೋಸಿಸ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ನಿಮ್ಮ ಮನೋವೈದ್ಯರನ್ನು ಕೇಳಿಯೇ ಶುರು ಮಾಡಿ. ಇವರೆಲ್ಲರಿಗೂ ನಿಧಾನದ ಉಸಿರಾಟ, ಮಂತ್ರ, ಸುಲಭ ಆಸನಗಳ ದಾರಿ ಇದೆ. ಡಾಕ್ಟರಿಗೆ ತಿಳಿಸಿ ಅದರಿಂದ ಶುರು ಮಾಡಿ.

[ತೆರೆಯ ಮೇಲೆ, ಕೆಂಪು ಅಕ್ಷರದಲ್ಲಿ: "ಇವು ಕಂಡರೆ ಕಾಯಬೇಡಿ"]

ತಲೆ ಸುತ್ತಿನ ಜೊತೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಎರಡೆರಡು ಕಂಡರೆ, ಎಂದೂ ಬಾರದಂಥ ತಲೆನೋವು ಬಂದರೆ, ಎದೆ ನೋವಾದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯು ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಲಕ್ಷಣ ಶುರುವಾದ ಗಳಿಗೆಯಿಂದ ಅದರ ಲೆಕ್ಕ. ನಿಂಬೆಹಣ್ಣು ಮೂಸಿಸುತ್ತಾ ಕೂರಬೇಡಿ.

ಅಂಥದ್ದೇನೂ ಇಲ್ಲ, ಆದರೆ ಉಸಿರಾಟ ತಿದ್ದಿಕೊಂಡರೂ ಪ್ರತಿ ಸಲ ತಲೆ ಸುತ್ತುತ್ತದೆ, ಅಥವಾ ಅಭ್ಯಾಸ ಮುಗಿದು ಗಂಟೆಗಟ್ಟಲೆ ಉಳಿಯುತ್ತದೆ ಅಂದರೂ ಡಾಕ್ಟರನ್ನು ನೋಡಿ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಅಭ್ಯಾಸದಲ್ಲಿ ಬಂತು, ಕೂತಾಗಲೋ ಎದ್ದಾಗಲೋ, ತಲೆ ಹಗುರಾಯಿತೋ ಕೋಣೆ ತಿರುಗಿತೋ, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಯೋಗ ಮಾಡುತ್ತೇನೆ ಅಂತ ಹೇಳಲು ಸಂಕೋಚ ಬೇಡ. ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ ಅಂತ ನೀವೇ ಕೇಳಿ.

ಮತ್ತೆ, ಕ್ಲಾಸಿನಲ್ಲಿ ತಲೆ ಸುತ್ತು ಬಂದ ದಿನ ತಲೆ ಪೂರ್ತಿ ತಿಳಿಯಾಗುವ ತನಕ ಸ್ಕೂಟರ್ ಹತ್ತಬೇಡಿ. ಯಾರನ್ನಾದರೂ ಮನೆಗೆ ಬಿಡಲು ಕೇಳಿ.

[ತೆರೆಯ ಮೇಲೆ: "ತುರ್ತು ಸಹಾಯಕ್ಕೆ: 108"]