ಗೆಜ್ಜೆ ಲೆಕ್ಕಕ್ಕೆ ಬರುತ್ತದೆ, ಟ್ರ್ಯಾಕ್ ಪ್ಯಾಂಟ್ ಬರಲ್ಲ

ಕೇಳುಗರಿಗೆ ನಮಸ್ಕಾರ. ನಾನು ಡಾನ್ಸ್ ಟೀಚರ್. ಬೆಳಗ್ಗೆ ಎರಡು ಅಪಾರ್ಟ್‌ಮೆಂಟ್‌ಗಳಲ್ಲಿ ಜುಂಬಾ, ಸಂಜೆ ಮನೆ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ, ಶನಿವಾರ ಒಂದು ಸ್ಟುಡಿಯೋದಲ್ಲಿ ಕ್ಲಾಸು. ಸಂಬಳ ಅಂತ ಇಲ್ಲ, ಬರುವುದೆಲ್ಲ ಫೀಸು. ಆ ಫೀಸಿಗೆ ಆದಾಯ ತೆರಿಗೆ ಲೆಕ್ಕ ಹಾಕುವಾಗ ಏನೇನು ಖರ್ಚು ಕಳೆಯಬಹುದು ಅನ್ನೋದೇ ಇವತ್ತಿನ ಮಾತು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಒಮ್ಮೆ ಕ್ಲಾಸಿನ ಸ್ಪೀಕರ್ ಕೆಟ್ಟಿತು. ಹೊಸದು ತರಲು ಹೋದರೆ ಅಂಗಡಿಯವರು, "ಕ್ಯಾಶ್ ಆದ್ರೆ 500 ಬಿಡ್ತೀನಿ ಮೇಡಂ" ಅಂದರು. ಖುಷಿಯಿಂದ 14 ಸಾವಿರ ಎಣಿಸಿ ಕೊಟ್ಟೆ. ಇಂಥ ವಸ್ತುವನ್ನು ಒಂದೇ ವರ್ಷ ಪೂರ್ತಿ ಖರ್ಚು ಅಂತ ಬರೆಯುವಂತಿಲ್ಲ, ಬಳಸಿ ಸವೆದದ್ದಕ್ಕೆ ಸವಕಳಿ ಅಂತ ವರ್ಷ ವರ್ಷ ಉಳಿದ ಬೆಲೆಯ ಶೇಕಡಾ 15 ಕಳೆಯಬೇಕು, ಲ್ಯಾಪ್‌ಟಾಪ್ ಆದರೆ ಶೇಕಡಾ 40, ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧವೇ. ಆದರೆ ಒಬ್ಬರಿಗೆ ಒಂದೇ ದಿನ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟು ಕೊಂಡಿದ್ದರೆ ಆ ಸವಕಳಿಯೂ ಇಲ್ಲ! ಬಿಲ್ಲು ನೋಡಿದ ನಮ್ಮ ಆಡಿಟರ್ ಅದನ್ನು ಸುಮ್ನೆ ಪಕ್ಕಕ್ಕಿಟ್ಟರು.

ಇನ್ನು ಬಟ್ಟೆ. ರಂಗಕ್ಕೆ ಹೊಲಿಸಿದ ಕಾಸ್ಟ್ಯೂಮ್, ಗೆಜ್ಜೆ, ಮೇಕಪ್, ಹಾಲ್ ಬಾಡಿಗೆ, ಕಾರ್ಯಕ್ರಮಕ್ಕೆ ಮೃದಂಗ ನುಡಿಸಲು ಬಂದವರಿಗೆ ಕೊಟ್ಟ ಹಣ, ಇವೆಲ್ಲ ಕೆಲಸದ ಖರ್ಚೇ. ಟ್ರ್ಯಾಕ್ ಪ್ಯಾಂಟ್? ನಾನು ವಾದ ಮಾಡಿದೆ. ಆಡಿಟರ್ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಹಾಕ್ಕೊಂಡು ಮಾರ್ಕೆಟ್‌ಗೆ ಹೋಗ್ತೀರಾ?" ಹೋಗ್ತೀನಿ. ಹಾಗಾದರೆ ಅದು ನಿಮ್ಮ ಸ್ವಂತ ಖರ್ಚು ಅಂದರು. ಪ್ರೋಟೀನ್ ಪೌಡರ್ ಕಥೆಯೂ ಅಷ್ಟೇ, ಮೈ ಗಟ್ಟಿ ಇದ್ದರೆ ತಾನೇ ಕ್ಲಾಸು ಅಂತ ಎಷ್ಟು ಹೇಳಿದರೂ ನಡೆಯಲ್ಲ.

ಸ್ಕೂಟರ್, ಮೊಬೈಲ್ ಎರಡೂ ಮನೆಗೂ ಬೇಕು, ಕೆಲಸಕ್ಕೂ ಬೇಕು. ಅಲ್ಲಿ ಕೆಲಸದ ಪಾಲು ಮಾತ್ರ. ಅದಕ್ಕೇ ಡಿಕ್ಕಿಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇನೆ, ಯಾವ ಕ್ಲಾಸಿಗೆ ಹೋದೆ, ಎಷ್ಟು ಕಿಲೋಮೀಟರ್ ಆಯಿತು ಅಂತ ಅವತ್ತವತ್ತೇ ಗೀಚುತ್ತೇನೆ.

"ಇಷ್ಟೆಲ್ಲ ಯಾಕೆ, ಬಂದದ್ದರಲ್ಲಿ ಅರ್ಧ ಖರ್ಚು ಅಂತ ತೋರಿಸಿದರಾಯ್ತು" ಅನ್ನುವವರಿದ್ದಾರೆ. ಆ ಸೌಲಭ್ಯ ಇರುವುದು ವೈದ್ಯರು, ವಕೀಲರು, ಎಂಜಿನಿಯರುಗಳಂಥ ಪಟ್ಟಿಯಲ್ಲಿರುವ ವೃತ್ತಿಗಳಿಗೆ. ಸಿನಿಮಾದ ನೃತ್ಯ ನಿರ್ದೇಶಕರು ಆ ಪಟ್ಟಿಯಲ್ಲಿದ್ದಾರೆ, ಮಹಡಿ ಮೇಲೆ ತಟ್ಟುಗೋಲು ಹಿಡಿದು ತೈಯ ತೈ ಹೇಳಿಕೊಡುವ ನನ್ನಂಥವರ ಹೆಸರಿಲ್ಲ. ನಗು ಬರುತ್ತೆ, ಅಲ್ವಾ?

ಹೊಸ ತೆರಿಗೆ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ ಅನ್ನುವುದೂ ಅರ್ಧ ಸತ್ಯ. ಎಲ್‌ಐಸಿ, ಪಿಪಿಎಫ್, ಆರೋಗ್ಯ ವಿಮೆಯ ಕಡಿತ ಹೋಯಿತು, ನಿಜ. ಕೆಲಸದ ಖರ್ಚು ಹೋಗಿಲ್ಲ, ಅದನ್ನು ಕಳೆದು ಉಳಿದದ್ದೇ ನಮ್ಮ ಆದಾಯ. 2025-26ರ ಹಣಕಾಸು ವರ್ಷಕ್ಕೆ ಆ ಆದಾಯ 12 ಲಕ್ಷ ದಾಟದಿದ್ದರೆ ತೆರಿಗೆ ಇಲ್ಲ. ಜನ ಹೇಳುವ 12 ಲಕ್ಷ 75 ಸಾವಿರ ಸಂಬಳದವರ ಲೆಕ್ಕ, ಅವರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ನಮಗೆ ಸಿಗಲ್ಲ.

ಆದರೆ ನಮ್ಮ ಸ್ಟುಡಿಯೋದವರು ಫೀಸು ಕೊಡುವಾಗಲೇ ಶೇಕಡಾ 10 ಟಿಡಿಎಸ್ ಹಿಡಿಯುತ್ತಾರೆ, ಅಂದರೆ ಅಷ್ಟನ್ನು ನಮ್ಮ ಹೆಸರಲ್ಲಿ ತೆರಿಗೆ ಅಂತ ಸರ್ಕಾರಕ್ಕೆ ಕಟ್ಟುತ್ತಾರೆ. ಅದು ವಾಪಸ್ ಬರಬೇಕಾದರೆ ರಿಟರ್ನ್ ಹಾಕಲೇಬೇಕು. ಕಳೆದ ಸಲ ನನಗೆ 9 ಸಾವಿರ ಚಿಲ್ಲರೆ ಬಂತು. ಅದೇ ಸ್ಟುಡಿಯೋದಲ್ಲಿ ಪಕ್ಕದ ರೂಮಿನ ಯೋಗ ಟೀಚರ್‌ಗೂ ಹೆಚ್ಚು ಕಡಿಮೆ ಅಷ್ಟೇ ಹಿಡಿದಿದ್ದಾರೆ. ಅವರು ಇನ್ನೂ ಹಾಕಿಲ್ಲ. "ನನಗೆ ಟ್ಯಾಕ್ಸೇ ಬರಲ್ವಲ್ಲ, ಯಾಕೆ ಹಾಕ್ಬೇಕು" ಅಂತಾರೆ.